ತಾಳೆ ಮನೆಯ ಕನ್ನಡಕ

ನಮ್ಮೂರಿನಲ್ಲಿ ಮನೆಗಳಿಗೆ ಎರಡೇ ಜಾತಿ. ಒಂದು ಕೊಟ್ಟ ಮನೆ, ಇನ್ನೊಂದು ತಾಳೆ ಮನೆ. ಗುಡ್ಡದ ಮೇಲಿನ ಸಂಶೋಧನಾ ಸಂಸ್ಥೆಯವರು ಏನಾದರೊಂದು ವಸ್ತು ಕೊಟ್ಟು, ಅದರಿಂದ ಏನಾಗುತ್ತದೆ ಎಂದು ನೋಡುವ ಮನೆ ಕೊಟ್ಟ ಮನೆ. ಏನೂ ಕೊಡದೆ, ಕೊಟ್ಟವರ ಜೊತೆ ತಾಳೆ ಹಾಕಿ ನೋಡಲಿಕ್ಕೆಂದೇ ಇಟ್ಟ ಮನೆ ತಾಳೆ ಮನೆ. ಒಂದೊಂದು ಅಧ್ಯಯನಕ್ಕೂ ಹೊಸದಾಗಿ ಚೀಟಿ ಎತ್ತುತ್ತಾರೆ. ಕೊಡೆಯ ಅಧ್ಯಯನದಲ್ಲಿ ನಮ್ಮದು ಕೊಟ್ಟ ಮನೆಯಾಗಿತ್ತು, ಎದುರು ಸಾಲಿನವರು ನಾಲ್ಕು ಮಳೆಗಾಲ ತೊಪ್ಪೆಯಾಗಿ ತಿರುಗಿದರು. ಮಂಚದ ಅಧ್ಯಯನದಲ್ಲಿ ನಮ್ಮದು ತಾಳೆ ಮನೆಯಾಯಿತು, ನಾನೂ ನನ್ನ ಹೆಂಡತಿಯೂ ಒಂಬತ್ತು ವರ್ಷ ನೆಲ ಹಿಡಿದೆವು. ನಮ್ಮ ದುಡ್ಡಿನಲ್ಲೇ ಒಂದು ಮಂಚ ತಂದರಾಯಿತಲ್ಲ ಎನ್ನುತ್ತೀರಿ. ಅಂಗಡಿಯವನು ಮೊದಲು ಮನೆಯ ನಂಬರು ಕೇಳುತ್ತಾನೆ, ಆಮೇಲೆ ಕೈ ಅಲ್ಲಾಡಿಸುತ್ತಾನೆ. ಅಧ್ಯಯನ ಮುಗಿಯುವ ತನಕ ತಾಳೆ ಮನೆಯವರು ಆ ವಸ್ತುವನ್ನು ಕೊಳ್ಳುವಂತಿಲ್ಲ, ಎರವಲು ತರುವಂತಿಲ್ಲ, ಬೀಗರು ಕೊಟ್ಟರೂ ಇಟ್ಟುಕೊಳ್ಳುವಂತಿಲ್ಲ. ಸಿಕ್ಕಿಬಿದ್ದರೆ ಆ ಮನೆ ಎಲ್ಲ ಅಧ್ಯಯನಗಳಿಂದಲೂ ಹೊರಗೆ. ಹಿಂದೆ ಯಾವಾಗಲೋ ಕೊಟ್ಟಿದ್ದ ನೀರಿನ ನಳವನ್ನೂ ಹೊಗೆಯಿಲ್ಲದ ಒಲೆಯನ್ನೂ ಬಂದು ಕಿತ್ತುಕೊಂಡು ಹೋಗುತ್ತಾರೆ. ಅಧ್ಯಯನ ಯಾವಾಗ ಮುಗಿಯುತ್ತದೆ ಎಂದು ಮಾತ್ರ ಕೇಳಬೇಡಿ. ನಾನು ಇಪ್ಪತ್ತೆರಡು ವರ್ಷದಿಂದ ಗುಡ್ಡದವರ ವರದಿಗಳಿಗೆ ರಟ್ಟು ಕಟ್ಟುತ್ತಿದ್ದೇನೆ. ಪ್ರತಿಯೊಂದರ ಕಡೆಯ ಸಾಲೂ ಒಂದೇ: ಈ ಬಗ್ಗೆ ಇನ್ನಷ್ಟು ಅಧ್ಯಯನ ಅಗತ್ಯ.

ಜನ ಇದಕ್ಕೆಲ್ಲ ಹೊಂದಿಕೊಂಡುಬಿಟ್ಟಿದ್ದಾರೆ. ಹೆಣ್ಣು ನೋಡಲು ಬಂದವರು ಜಾತಕ ಆಮೇಲೆ ಕೇಳುತ್ತಾರೆ, ಮೊದಲು ಕೇಳುವುದು ನಳದಲ್ಲಿ ನಿಮ್ಮದು ಯಾವ ಮನೆ, ಒಲೆಯಲ್ಲಿ ಯಾವ ಮನೆ ಎಂದು. ಗುಡ್ಡದ ಗಣಿತದ ಪ್ರೊಫೆಸರರೊಬ್ಬರು ಸಂತೆಯಿಂದ ಆಸ್ಪತ್ರೆಗೆ ಅತಿ ಹತ್ತಿರದ ದಾರಿ ಯಾವುದೆಂದು ಲೆಕ್ಕ ಹಾಕಿ ತೋರಿಸಿದರು. ಅದು ಪಾರವ್ವನ ಅಡುಗೆಮನೆಯ ನಡುವೆ ಹಾದು ಹೋಗುತ್ತಿತ್ತು. ಲೆಕ್ಕ ಸರಿಯಾಗಿಯೇ ಇದ್ದುದರಿಂದ ಯಾರೂ ತಕರಾರು ತೆಗೆಯಲಿಲ್ಲ. ಈಗಲೂ ಜ್ವರ ಬಂದವರು, ಕಾಲು ಮುರಿದವರು, ಹೆರಿಗೆ ನೋವಿನವರು ಎಲ್ಲ ಅವಳ ಒಲೆಯ ಪಕ್ಕದಿಂದಲೇ ಹೋಗುತ್ತಾರೆ. ಪಾರವ್ವ ರೊಟ್ಟಿ ಬಡಿಯುತ್ತಲೇ ಮೊಣಕಾಲು ಮಡಚಿ ದಾರಿ ಬಿಡುತ್ತಾಳೆ.

ನಾನು ಹೇಳಹೊರಟಿದ್ದು ಸಾತವ್ವನ ಸಂಗತಿ. ಸಾತವ್ವ ನಮ್ಮ ಅಚ್ಚುಕೂಟದಲ್ಲಿ ಕರಡು ಓದುವವಳು. ಅಚ್ಚಿಗೆ ಹೋಗುವ ಮುನ್ನ ಪ್ರತಿ ಪುಟವನ್ನೂ ಓದಿ ತಪ್ಪು ತಿದ್ದುವುದು ಅವಳ ಕೆಲಸ. ಅವಳ ಅಪ್ಪ ಇದೇ ಅಚ್ಚುಕೂಟದಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದವನು. ಅವಳು ಶಾಲೆಗೆ ಹೋಗುವ ಮೊದಲೇ ಅಕ್ಷರಗಳನ್ನು ಮೊಳೆಯ ಮೇಲೆ ಹಿಂದುಮುಂದಾಗಿ ಕಲಿತಳಂತೆ. ಗಂಡ ತೀರಿ ಹನ್ನೊಂದು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ನಲವತ್ತೆಂಟರ ಹೆಂಗಸು, ತುರುಬಿನಲ್ಲಿ ಹೂವಿನ ಬದಲು ಒಂದು ಕೆಂಪು ಪೆನ್ಸಿಲ್ಲು. ಗುಡ್ಡದವರು ಬರೆದದ್ದನ್ನೆಲ್ಲ ಪೂರ್ತಿ ಓದಿದ ಜೀವ ಈ ಊರಲ್ಲಿ ಅವಳೊಬ್ಬಳೇ. ಬರೆದವರೂ ಅಷ್ಟು ಓದಿರಲಿಕ್ಕಿಲ್ಲ. ಒಮ್ಮೆ ಒಂದು ಕೋಷ್ಟಕದಲ್ಲಿ ನೂರಕ್ಕೆ ನೂರಾ ಹನ್ನೆರಡು ಜನ ಸಂತೃಪ್ತರಾಗಿದ್ದರು. ಸಾತವ್ವ ಅದಕ್ಕೆ ಸುತ್ತು ಹಾಕಿ ಗುಡ್ಡಕ್ಕೆ ಕಳಿಸಿದರೆ, ಸಂತೃಪ್ತಿ ನಿರೀಕ್ಷೆಗಿಂತ ಹೆಚ್ಚಾಗಿರಬಹುದು ಎಂದು ಉತ್ತರ ಬಂತು. ಅವಳು ಬಿಡಲಿಲ್ಲ. ಮೂರು ಸಲ ವಾಪಸು ಕಳಿಸಿದಳು, ನಾಲ್ಕನೆಯ ಸಲ ಅದು ಎಂಬತ್ತೊಂದಾಗಿ ಬಂತು.

ಅಂಥವಳಿಗೆ ಒಂದು ದಿನ ಕೈ ಸಾಲದಾಯಿತು. ಕಾಗದವನ್ನು ದೂರ ಹಿಡಿದಳು, ಇನ್ನೂ ದೂರ ಹಿಡಿದಳು, ಕಡೆಗೆ ನನ್ನನ್ನು ಕರೆದು ಆ ತುದಿಯಲ್ಲಿ ನಿಂತು ಹಿಡಿದುಕೋ ಎಂದಳು. ವಯಸ್ಸಾದವರಿಗೆಲ್ಲ ಆಗುವುದೇ. ಓದುವ ಕನ್ನಡಕ ಹಾಕಿಕೊಂಡರೆ ಮುಗಿಯಿತು. ಆದರೆ ಅದೇ ತಿಂಗಳು ಗುಡ್ಡದಿಂದ ಡಂಗುರ ಬಂತು: ಓದುವ ಕನ್ನಡಕದ ಅಧ್ಯಯನ. ನಮ್ಮ ಕೇರಿಯಲ್ಲಿ ಹತ್ತು ಮನೆ, ಐದಕ್ಕೆ ಕನ್ನಡಕ, ಐದು ತಾಳೆ. ಚೀಟಿ ಎತ್ತಿದರು. ನನಗೆ ಬಂತು. ಎಮ್ಮೆ ಕಟ್ಟಿ ಹಾಲು ಮಾರುವ ಗುರುಪಾದಪ್ಪನಿಗೆ ಬಂತು, ಅವನಿಗೆ ಅಕ್ಷರವೇ ಬರುವುದಿಲ್ಲ. ಸಾತವ್ವನದು ತಾಳೆ ಮನೆ.

ಅವಳು ಚೀಟಿಯನ್ನು ದೂರ ಹಿಡಿದು ನೋಡಿದಳು, ಮಡಚಿ ಸೆರಗಿಗೆ ಕಟ್ಟಿಕೊಂಡಳು. "ತೋಟಣ್ಣ, ಓದೂದೊಂದು ಬಿಟ್ರ ನನಗ ಬ್ಯಾರೆ ಏನೂ ಬರೂದಿಲ್ಲ ನೋಡಪಾ. ಈಗ ಇದೂ ಹೋತು ಅಂದ್ರ ನಾ ಏನಂತ ಬದುಕಲಿ?" ಎಂದಳು. ಅತ್ತು ಕರೆದು ಮಾಡುವವಳಲ್ಲ ಅವಳು. ಅಷ್ಟು ಹೇಳಿ ಕೆಲಸಕ್ಕೆ ಹೊರಟಳು. ಅಚ್ಚುಕೂಟದ ಯಜಮಾನರು ಒಂದು ವಾರದಲ್ಲೇ ತಪ್ಪುಗಳನ್ನು ಎಣಿಸತೊಡಗಿದರು. ಪುಟಕ್ಕೆ ಮೂರು ತಪ್ಪು ದಾಟಿದರೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದು ಅವಳಿಗೆ ಕೇಳುವ ಹಾಗೆ ನನಗೆ ಹೇಳಿದರು.

ಆ ಹೊತ್ತಿಗೆ ಎದುರು ಮನೆಯಲ್ಲಿ ಬೇರೆಯೇ ಗದ್ದಲ ಹತ್ತಿತ್ತು. ಗುರುಪಾದಪ್ಪ ಕನ್ನಡಕ ಹಾಕಿಕೊಂಡು ಕೊಟ್ಟಿಗೆಗೆ ಹೋದರೆ ಎಮ್ಮೆಯೆಲ್ಲ ಮಂಜು ಮಂಜಾಗಿ ಕಂಡು ಗೋದಲಿಗೆ ಎಡವಿ ಬೀಳುತ್ತಿದ್ದ. ಊಟಕ್ಕೆ ಕೂತಾಗ ಮಾತ್ರ ಅದು ಚೆನ್ನಾಗಿ ಕೆಲಸ ಮಾಡುತ್ತಿತ್ತು. ಅವನ ಹೆಂಡತಿ ನಿಂಗವ್ವ ಎಂಟನೆಯ ದಿನ ಮಜ್ಜಿಗೆ ಗಡಿಗೆ ಹಿಡಿದು ಸಾತವ್ವನ ಬಾಗಿಲಿಗೆ ಬಂದಳು. ಗಡಿಗೆಯಲ್ಲಿ ಮಜ್ಜಿಗೆ ಇರಲಿಲ್ಲ, ಕನ್ನಡಕ ಇತ್ತು.

"ಇದನ್ನ ನೀ ಇಟಗೋ ಸಾತವ್ವ. ಇದು ಬಂದಾಗಿಂದ ನಮ್ಮನಿಯವರು ನನ್ನ ಜೀವಾ ತಿನ್ನಾಕತ್ಯಾರ. ಅನ್ನದಾಗ ಹಳ್ಳು ಐತಿ, ಪಲ್ಯಾದಾಗ ಕೂದಲಾ ಐತಿ, ನಿನ್ನ ಮಾರಿ ಮ್ಯಾಲ ಇಷ್ಟ ಸುಕ್ಕು ಯಾವಾಗ ಬಂದ್ವು ಅಂತಾರ. ಇಪ್ಪತ್ತಾರು ವರ್ಷ ಏನೂ ಕಾಣದ ಎಷ್ಟು ಸುಖದಾಗಿದ್ವಿ."

"ನಂದು ತಾಳೆ ಮನಿ, ನಿಂಗವ್ವ. ಗೊತ್ತಾತಂದ್ರ ನಳಾ ಕಿತಗೊಂಡು ಹೋಗ್ತಾರ. ನಿಂದೂ ಒಲಿ ಹೋಗ್ತೈತಿ."

"ಯಾರ್ ಹೋಗಿ ಹೇಳ್ತಾರ? ಮುಂಜಾನೆ ನಾ ಗಡಗ್ಯಾಗ ಇಟ್ಟು ಕೊಡ್ತೇನಿ, ಸಂಜಿಕ ನೀ ಗಡಗಿ ತಿರುಗಿ ಕೊಡು. ಮಂಗಳವಾರ ಒಂದಿನಾ ನಮ್ಮಲ್ಲೇ ಇರ್ಲಿ."

ಮಂಗಳವಾರ ಗುಡ್ಡದಿಂದ ಎಣಿಕೆಯವನು ಬರುವ ದಿನ. ಅವನು ಮನೆ ಮನೆಗೆ ಬಂದು ಈ ವಾರ ಕೆಲಸದಲ್ಲಿ ಎಷ್ಟು ತಪ್ಪಾಯಿತು, ತಲೆನೋವು ಬಂತೇ, ಮನಸ್ಸಿಗೆ ನೆಮ್ಮದಿ ಇದೆಯೇ ಎಂದು ಕೇಳಿ ಬರೆದುಕೊಳ್ಳುತ್ತಿದ್ದ. ಅವತ್ತು ಗುರುಪಾದಪ್ಪ ಕನ್ನಡಕ ಏರಿಸಿ, ಜಗಲಿಯ ಮೇಲೆ ಪತ್ರಿಕೆ ತಲೆಕೆಳಗಾಗಿ ಹಿಡಿದು ಕೂರುತ್ತಿದ್ದ. ಓದುವ ಹವ್ಯಾಸ ಬೆಳೆದಿದೆ ಎಂದು ಎಣಿಕೆಯವನು ಬರೆಯುತ್ತಿದ್ದ. ಅವತ್ತು ಸಾತವ್ವ ಅಚ್ಚುಕೂಟದಲ್ಲಿ ಓದುತ್ತಿರಲಿಲ್ಲ, ನನ್ನ ಪಕ್ಕದಲ್ಲಿ ಕೂತು ಹಾಳೆ ಮಡಚುತ್ತಿದ್ದಳು. ಯಜಮಾನರು ಅದನ್ನು ಏನೋ ಮಂಗಳವಾರದ ವ್ರತ ಎಂದುಕೊಂಡು ಗೌರವ ಕೊಟ್ಟರು. ಮಿಕ್ಕ ಐದು ದಿನ ಅವಳ ಕೆಂಪು ಪೆನ್ಸಿಲ್ಲು ಮೊದಲಿನ ಹಾಗೆಯೇ ಓಡಿತು. ಆ ಮೂರು ವರ್ಷ ಗುಡ್ಡದಿಂದ ಹೊರಟ ವಿದ್ವತ್ತಿಗೆಲ್ಲ ಸ್ವಲ್ಪ ಹುಳಿ ಮಜ್ಜಿಗೆಯ ವಾಸನೆ ಇತ್ತು.

ಇನ್ನು ನಮ್ಮನೆಯದು. ನನಗಿನ್ನೂ ಕಣ್ಣು ಚೆನ್ನಾಗಿದ್ದವು. ನನ್ನ ಹೆಂಡತಿ ನನಗೂ ಹೇಳದೆ ನಮ್ಮ ಕನ್ನಡಕವನ್ನು ಪಕ್ಕದ ತಾಳೆ ಮನೆಯ ದರ್ಜಿಗೆ ಕೊಟ್ಟಿದ್ದಳು. ಮಿಕ್ಕ ಮೂರು ಕೊಟ್ಟ ಮನೆಗಳದೂ ಇದೇ ಕತೆ ಎಂದು ಆಮೇಲೆ ತಿಳಿಯಿತು. ಐದು ಮನೆಯ ಕನ್ನಡಕ ಹತ್ತು ಮನೆಯಲ್ಲಿ ಓಡಾಡುತ್ತಿತ್ತು. ಪ್ರತಿ ಮನೆಯವರೂ ಕಳ್ಳತನ ಮಾಡುತ್ತಿರುವವರು ತಾವೊಬ್ಬರೇ ಎಂದು ನಂಬಿಕೊಂಡು, ಮಂಗಳವಾರ ಎದುರುಬದುರು ಸಿಕ್ಕರೆ ತಲೆ ತಗ್ಗಿಸಿ ಹೋಗುತ್ತಿದ್ದರು.

ಮೂರು ವರ್ಷ ಮುಗಿದ ಮೇಲೆ ವರದಿ ಬಂತು. ಬರೆದವರು ಡಾಕ್ಟರ್ ವೈಜಯಂತಿ ಇನಾಮದಾರ. ಈಯಮ್ಮನನ್ನು ಬಯ್ಯಲು ಮನಸ್ಸು ಬರುವುದಿಲ್ಲ, ಅದೇ ಕಷ್ಟ. ಚಿಕ್ಕ ವಯಸ್ಸು, ನಗುಮುಖ, ದಾರಿಯಲ್ಲಿ ಸಿಕ್ಕರೆ ಎಲ್ಲರ ಹೆಸರು ಹಿಡಿದು ಮಾತಾಡಿಸುತ್ತಾರೆ. ಬಡವರಿಗೆ ಒಳ್ಳೆಯದಾಗಲಿ ಎಂದೇ ಅವರು ಓದಿದ್ದು. ಸಾತವ್ವ ಗಡಿಗೆಯಿಂದ ಕನ್ನಡಕ ತೆಗೆದು, ಒರೆಸಿ, ಮೂಗಿನ ಮೇಲಿಟ್ಟು, ಕರಡು ಓದಲು ಕೂತಳು. ಮಧ್ಯಾಹ್ನದ ಹೊತ್ತಿಗೆ ಪೆನ್ಸಿಲ್ಲು ನಿಂತಿತು.

"ತೋಟಣ್ಣ, ಇದನ್ನ ಕೇಳು," ಎಂದು ಅವಳು ಓದಿದಳು. "ಕನ್ನಡಕ ಪಡೆದ ಮನೆಗಳಿಗೂ ಪಡೆಯದ ಮನೆಗಳಿಗೂ ಕೆಲಸದಲ್ಲಾಗಲಿ ನೆಮ್ಮದಿಯಲ್ಲಾಗಲಿ ಗಮನಾರ್ಹ ವ್ಯತ್ಯಾಸ ಕಂಡುಬಂದಿಲ್ಲ. ಓದುವ ಕನ್ನಡಕದಿಂದ ಪ್ರಯೋಜನವಿಲ್ಲ. ವಿತರಿಸಿದವುಗಳನ್ನು ಹಿಂಪಡೆದು, ಊರಿನಲ್ಲಿ ಮಾರಾಟವನ್ನೂ ನಿಲ್ಲಿಸುವುದು ಸೂಕ್ತ."

ಓದಿ ಮುಗಿಸಿ ಅವಳು ಅದರಲ್ಲಿದ್ದ ಎರಡು ಒತ್ತಕ್ಷರದ ತಪ್ಪು ತಿದ್ದಿದಳು. ನನಗೆ ನಗು ಬಂತು, ಆದರೆ ಅವಳ ಮುಖ ನೋಡಿ ನುಂಗಿಕೊಂಡೆ. ನಾನೊಂದು ಉಪಾಯ ಹೇಳಿದೆ. ಒಂದೇ ಒಂದು ಪದ ಹೊಡೆದು ಹಾಕಿ ಪ್ರಯೋಜನವಿದೆ ಎಂದು ಮಾಡಿಬಿಡು, ಗುಡ್ಡದಲ್ಲಿ ಯಾರೂ ಓದುವುದಿಲ್ಲ ಎಂದೆ.

"ತಪ್ಪಿದ್ದಲ್ಲೆ ತಿದ್ದೂದು ನನ್ನ ಕೆಲಸ. ಆಕಿ ಬರದದ್ದರಾಗ ತಪ್ಪಿಲ್ಲ. ಆಕಿಗೆ ನಾವು ತೋರಿಸಿದ್ದ ತಪ್ಪು," ಎಂದಳು ಸಾತವ್ವ. "ನಾ ಹೋಗಿ ಹೇಳ್ತೇನಿ."

"ನಳಾ ಹೋಗ್ತೈತಿ ನಿಂದು."

"ಹೋಗ್ಲಿ. ನೀರು ಹೊತ್ತು ತರಾಕ ಕೈ ಅದಾವ. ಕಣ್ಣು ಎಲ್ಲಿಂದ ತರಲಿ?"

ಒಬ್ಬಳನ್ನೇ ಕಳಿಸಲು ಮನಸ್ಸಾಗದೆ ನಾನೂ ಹೊರಟೆ. ಪಾರವ್ವನ ಅಡುಗೆಮನೆ ದಾಟಿ, ಗುಡ್ಡ ಹತ್ತಿ, ಸಂಸ್ಥೆಯ ಹಜಾರದಲ್ಲಿ ಕೂತೆವು. ಅಲ್ಲಿಯ ಬೆಂಚನ್ನು ವಿನ್ಯಾಸ ವಿಭಾಗದವರು ಒಂಬತ್ತು ನಿಮಿಷಕ್ಕಿಂತ ಹೆಚ್ಚು ಯಾರೂ ಕೂರಲಾಗದ ಹಾಗೆ ಮಾಡಿದ್ದಾರೆ. ಕಾಯಿಸುವ ಹೊತ್ತು ಕಡಿಮೆಯಾಗಲಿ ಎಂಬ ಉದ್ದೇಶ. ಡಾಕ್ಟರ್ ಇನಾಮದಾರ ಒಂದು ಗಂಟೆ ಬಿಟ್ಟು ಬಂದರು. ನಾವು ಆರು ಸಲ ಎದ್ದು ಕೂತಿದ್ದೆವು.

ಸಾತವ್ವ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. "ಇದು ಎದುರು ಮನ್ಯಾಕಿದ್ರಿ. ಮೂರು ವರ್ಷ ನಾ ಹಾಕ್ಕೊಂಡೇನಿ. ನೀವು ಬರದ ವರದಿನೂ ಇದನ್ನ ಹಾಕ್ಕೊಂಡ ಓದೇನಿ. ಉಪಯೋಗಿಲ್ಲ ಅಂತ ಬರೀಬ್ಯಾಡ್ರಿ. ತಪ್ಪು ನಂದು, ಆ ಮನಿಯವರನ್ನ ಏನೂ ಅನಬ್ಯಾಡ್ರಿ. ನಳಾ ಬೇಕಾದ್ರ ಇವತ್ತ ಕಿತಗೊಂಡು ಹೋಗ್ರಿ."

ಡಾಕ್ಟರ್ ಇನಾಮದಾರ ಕನ್ನಡಕವನ್ನು ಕೈಗೆತ್ತಿಕೊಂಡು ನೋಡಿದರು. ನಾನು ಬೈಗುಳಕ್ಕೆ ಸಿದ್ಧನಾಗಿದ್ದೆ. ಅವರ ಕಣ್ಣಲ್ಲಿ ನೀರು ಬಂತು. "ಸಾತವ್ವನವರೇ, ಇದು ಎಷ್ಟು ಸುಂದರವಾದ ಸಂಗತಿ ಎಂದು ನಿಮಗೆ ಗೊತ್ತಿಲ್ಲ. ನಾವು ಕನ್ನಡಕವನ್ನು ಅಳೆಯುತ್ತಿದ್ದೆವು, ನೀವು ಪ್ರೀತಿಯನ್ನು ಹಂಚುತ್ತಿದ್ದಿರಿ," ಎಂದು ಹೊಸ ನೋಟ್‌ಬುಕ್ಕು ತೆಗೆದರು. "ನಿಮ್ಮ ಕೇರಿಯಲ್ಲಿ ಇನ್ನೂ ಯಾರಾದರೂ ಹೀಗೆ ಮಾಡುತ್ತಿದ್ದಾರೆಯೇ? ಯಾರಿಗೂ ಶಿಕ್ಷೆ ಇಲ್ಲ, ನಾನು ಬರೆದುಕೊಡುತ್ತೇನೆ."

ಬರೆದೂ ಕೊಟ್ಟರು. ಸಾತವ್ವ ಇಳಿಯುವಾಗ ಹಗುರಾಗಿದ್ದಳು. ಪಾರವ್ವನ ಅಡುಗೆಮನೆಯಲ್ಲಿ ನಿಂತು ಒಂದು ಬಿಸಿ ರೊಟ್ಟಿ ಇಸಕೊಂಡು ತಿಂದಳು. ಸತ್ಯ ಹೇಳಿದರೆ ಗುಡ್ಡದವರು ಕೇಳುತ್ತಾರೆ ಎಂದು ನನಗೂ ಅವತ್ತು ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ.

ಮುಂದಿನ ವಾರ ಕೇರಿಯವರನ್ನೆಲ್ಲ ಸಂಸ್ಥೆಯ ಸಭಾಂಗಣಕ್ಕೆ ಕರೆಸಿದರು. ಚಹಾ, ಬಿಸ್ಕೀಟು, ಮೆತ್ತನೆಯ ಕುರ್ಚಿ. ಇಲ್ಲಿ ನಮ್ಮ ಊರಿನವರ ಒಂದು ಗುಣ ಹೇಳಬೇಕು. ಮೂರು ತಲೆಮಾರಿನಿಂದ ಯಾರಾದರೊಬ್ಬರು ಬಂದು ಪ್ರಶ್ನೆ ಕೇಳಿ ಬರೆದುಕೊಳ್ಳುತ್ತಿರುವುದರಿಂದ, ಕೇಳುವವರಿಗೆ ಏನು ಬೇಕೆಂದು ನಮಗೆ ಮುಖ ನೋಡಿದರೆ ಗೊತ್ತಾಗುತ್ತದೆ. ಬೇಕಾದ್ದು ಕೊಡದೆ ಕಳಿಸಿದರೆ ಬಂದವರನ್ನು ಉಪವಾಸ ಕಳಿಸಿದಷ್ಟು ಸಂಕಟ. ಮೊದಲು ಗುರುಪಾದಪ್ಪ ಎದ್ದು, ನಮ್ಮ ಕನ್ನಡಕ ಎರಡು ಮನೆ ನೋಡುತ್ತಿತ್ತು ಎಂದ. ಡಾಕ್ಟರ್ ಇನಾಮದಾರ ಕಣ್ಣರಳಿಸಿ ಬರೆದುಕೊಂಡರು. ದರ್ಜಿಗೆ ಅದನ್ನು ನೋಡಿ ತಡೆಯಲಾಗಲಿಲ್ಲ.

"ನಮ್ಮ ಕಡೆದು ನಾಕು ಮನಿಗೆ ಹೋಗ್ತಿತ್ತ್ರಿ."

ಪೆನ್ನು ಇನ್ನೂ ಜೋರಾಗಿ ಓಡಿತು. ಆರು ಎಂದರು ಒಬ್ಬರು. ನಾನೇನು ಕಡಿಮೆ. ನಮ್ಮ ಕನ್ನಡಕ ಏಳು ಮನೆ ತಿರುಗಿ, ನಡುವೆ ಕ್ಷೌರದಂಗಡಿಗೂ ಹೋಗಿ ಬರುತ್ತಿತ್ತು ಎಂದೆ. ನನ್ನ ಹೆಂಡತಿ ನನ್ನನ್ನು ಮೆಚ್ಚುಗೆಯಿಂದ ನೋಡಿದಳು. ಕಡೆಗೆ ನಿಂಗವ್ವ ಗಂಡನನ್ನು ಬದಿಗೆ ಸರಿಸಿ ನಿಂತಳು. "ಖರೇ ಹೇಳ್ಬೇಕಂದ್ರ ಬಾಯಾರ, ಹತ್ತು ಮನಿಗೂ ಒಂದ ಕನ್ನಡಕ ಸಾಕಾಗ್ತಿತ್ತ್ರಿ. ಉಳದ ನಾಕು ಗೂಟಕ್ಕ ಜೋತು ಬಿದ್ದಿದ್ವು." ಸಭಾಂಗಣದಲ್ಲಿ ಚಪ್ಪಾಳೆ ಬಿತ್ತು.

ಸಾತವ್ವ ಎದ್ದು ನಿಂತಳು. "ಸುಳ್ಳ ಯಾಕ ಹೇಳ್ತೀರಿ? ಎರಡ ಮನಿ ಅಂದ್ರ ಎರಡ ಮನಿ. ಬಾಯಾರ, ಇವರು ನಿಮ್ಮ ಮಾರಿ ನೋಡಿ ಹೇಳಾಕತ್ಯಾರ. ಅದನ್ನ ಬರಕೋಬ್ಯಾಡ್ರಿ."

"ಸಾತವ್ವನವರೇ," ಎಂದು ಡಾಕ್ಟರ್ ಇನಾಮದಾರ ಅವಳ ಭುಜದ ಮೇಲೆ ಕೈಯಿಟ್ಟರು, "ಸಮುದಾಯ ತನ್ನ ಅನುಭವವನ್ನು ತನ್ನದೇ ಮಾತಿನಲ್ಲಿ ಹೇಳಿಕೊಳ್ಳಲಿ. ನಾವು ಅದಕ್ಕೆ ಅಡ್ಡ ಬರುವುದು ಬೇಡ." ಸಾತವ್ವ ಕೂತಳು. ನಾನು ನನ್ನ ಬಿಸ್ಕೀಟನ್ನು ಚಹಾದಲ್ಲಿ ಅದ್ದಿಕೊಂಡು ಬೇರೆ ಕಡೆ ನೋಡಿದೆ.

ಎರಡು ತಿಂಗಳಲ್ಲಿ ಆದೇಶ ಬಂತು. ಹತ್ತು ಮನೆಗೆ ಒಂದು ಕನ್ನಡಕ ಧಾರಾಳ ಸಾಕು, ಹೆಚ್ಚಾದರೆ ಪ್ರೀತಿ ಕಡಿಮೆಯಾಗುವ ಸಂಭವವಿದೆ. ವರದಿ ಅಚ್ಚಾಗುವ ತನಕ ಕಾಯುವುದು ಬೇಡವೆಂದು ನಮ್ಮ ಕೇರಿಯಲ್ಲೇ ಮೊದಲು ಜಾರಿ ಮಾಡಿದರು. ಹಳೆಯ ಐದನ್ನೂ ಎತ್ತಿಕೊಂಡು ಹೋಗಿ ಹೊಸದೊಂದು ತಂದರು. ಅದನ್ನು ವಿನ್ಯಾಸ ವಿಭಾಗದವರು ಹತ್ತು ಮನೆಯವರ ಮೂಗುಗಳನ್ನೆಲ್ಲ ಅಳೆದು, ಸರಾಸರಿ ತೆಗೆದು ಮಾಡಿದ್ದರು. ಯಾರ ಮೂಗಿನ ಮೇಲೂ ಅದು ನಿಲ್ಲುತ್ತಿರಲಿಲ್ಲ. ಅದನ್ನು ಇಡಲು ಹತ್ತು ಹಿಡಿಕೆಯ ಒಂದು ಪೆಟ್ಟಿಗೆ. ಗಣಿತದ ಪ್ರೊಫೆಸರರು ಪೆಟ್ಟಿಗೆ ಮನೆಯಿಂದ ಮನೆಗೆ ಹೋಗುವ ಸರದಿ ಹಾಕಿಕೊಟ್ಟರು. ಬೆಳಗ್ಗೆ ಎಂಟರಿಂದ ಸಂಜೆ ಆರರವರೆಗೆ, ಮನೆಗೊಂದು ಗಂಟೆ. ಒರೆಸಿ ಮುಂದಿನ ಮನೆಗೆ ಮುಟ್ಟಿಸಲು ಅದರಲ್ಲಿ ಇಪ್ಪತ್ತು ನಿಮಿಷ ಹೋಗುತ್ತದೆ. ಉಳಿದ ನಲವತ್ತು ನಿಮಿಷ ಏನು ಬೇಕಾದರೂ ಓದಬಹುದು. ಕನ್ನಡಕ ಮಾತ್ರ ಕೇರಿ ದಾಟಿ ಹೋಗುವಂತಿಲ್ಲ. ಸಾತವ್ವನ ಸರದಿ ಹನ್ನೊಂದರಿಂದ ಹನ್ನೊಂದೂ ನಲವತ್ತು. ಆ ಹೊತ್ತಿಗೆ ಅವಳು ಮೂರು ಕೇರಿ ಆಚೆ ಅಚ್ಚುಕೂಟದಲ್ಲಿರುತ್ತಿದ್ದಳು.

ಒಂದು ವಾರ ಅವಳು ಅಲ್ಲಿ ಬರಿಗಣ್ಣಲ್ಲಿ ಕೂತಳು. ದಪ್ಪ ಅಕ್ಷರದ ತಲೆಬರಹಗಳನ್ನು ಓದಿದಳು, ಒಳಗಿನದನ್ನು ಬೆರಳಿಂದ ಸವರಿದಳು. ಕರಡನ್ನು ಮನೆಗೆ ಒಯ್ಯಲು ಬಿಡಿ, ನನ್ನ ನಲವತ್ತು ನಿಮಿಷದಲ್ಲಿ ಓದುತ್ತೇನೆ ಎಂದು ಯಜಮಾನರನ್ನು ಕೇಳಿದಳು. ಅಚ್ಚಾಗದ ಕಾಗದ ಹೊರಗೆ ಹೋಗುವಂತಿಲ್ಲ ಎಂದು ಅವರು ನಿಯಮ ಹೇಳಿದರು. ಎಂಟನೆಯ ದಿನ ನಾಲ್ಕುನೂರ ಹನ್ನೆರಡು ಪುಟದ ಹೊಸ ವರದಿಯ ಕರಡು ಬಂತು. ಅದು ನಮ್ಮ ಕೇರಿಯದೇ.

ಅವಳು ನನ್ನನ್ನು ಕರೆದು ಮೊದಲ ಪುಟ ಓದಿಸಿದಳು. ಈ ಸಂಶೋಧನೆಯ ದಿಕ್ಕನ್ನೇ ಬದಲಿಸಿದ ಶ್ರೀಮತಿ ಸಾತವ್ವ ಅವರ ಪ್ರಾಮಾಣಿಕತೆಗೆ ಲೇಖಕರು ಚಿರಋಣಿ ಎಂದಿತ್ತು. ನಾನು ಎರಡು ಸಲ ಓದಿದೆ, ಅವಳಿಗೆ ಸಂತೋಷವಾಗಲಿ ಎಂದು.

"ಮುಂದ ಓದು. ಕನ್ನಡಕಾ ಎಷ್ಟು ಮನಿ ಅಂತ ಬರದಾರ?"

"ಹತ್ತು."

"ಯಾರು ಹೇಳಿದ್ರಂತ?"

ನಾನು ಹಾಳೆಗಳನ್ನು ಮಗುಚುತ್ತ ಬಹಳ ಮುಂದೆ ಹೋದೆ. ಹೇಳಿಕೆ ಕೊಟ್ಟವರ ಪಟ್ಟಿ ಇತ್ತು. ನನ್ನ ಹೆಸರಿನ ಮುಂದೆ ಏಳು ಎಂದಿತ್ತು, ಕ್ಷೌರದಂಗಡಿ ಸೇರಿ. ನಾನು ಅದನ್ನು ಓದಲಿಲ್ಲ. ಅಕ್ಷರ ಸಣ್ಣದಿದೆ ಎಂದೆ. ಸಾತವ್ವ ನನ್ನ ಕಡೆ ನೋಡಿದಳು. ಅವಳಿಗೆ ಹತ್ತಿರದ್ದು ಕಾಣದಿದ್ದರೂ, ಮೂರು ಮಾರು ದೂರ ಕೂತವನ ಮುಖ ಸ್ವಚ್ಛವಾಗಿ ಕಾಣುತ್ತಿತ್ತು.

ಸಂಜೆ ಯಜಮಾನರೂ ಡಾಕ್ಟರ್ ಇನಾಮದಾರರೂ ಒಟ್ಟಿಗೆ ಬಂದರು. ನಾಳೆ ಅಚ್ಚು ಶುರುವಾಗಬೇಕು, ಗುಡ್ಡಕ್ಕೆ ದೊಡ್ಡವರು ಬರುವವರಿದ್ದಾರೆ. ಕರಡಿನ ಕಡೆಯ ಹಾಳೆಯಲ್ಲಿ ಪೂರ್ತಿ ಓದಿದ್ದೇನೆ ಎಂದು ಬರೆದು ಕರಡು ಓದಿದವರು ಸಹಿ ಹಾಕದೆ ಮೊಳೆ ಯಂತ್ರ ಏರುವುದಿಲ್ಲ, ಅದು ನಮ್ಮ ಅಚ್ಚುಕೂಟದ ಕಟ್ಟಳೆ. ಯಜಮಾನರು ಹಾಳೆಯನ್ನು ಸಾತವ್ವನ ಮುಂದಿಟ್ಟು, ಎಲ್ಲಿ ಸಹಿ ಹಾಕಬೇಕೋ ಅಲ್ಲಿ ಅವಳ ಬೆರಳು ಹಿಡಿದು ಇಟ್ಟರು.

"ನಾ ಓದಿಲ್ರಿ," ಎಂದಳು ಸಾತವ್ವ.

"ಗೊತ್ತೈತಿ. ಬರೇ ಸಹಿ ಮಾಡು."

"ಓದಿಲ್ದ ಓದೇನಿ ಅಂತ ಹ್ಯಾಂಗ ಬರೀಲಿ? ಒಂದು ಕನ್ನಡಕಾ ಕೊಡ್ರಿ, ಇಲ್ಲೇ ಕುಂತು ಓದಿ ಮುಗಿಸಿ ಮಾಡ್ತೇನಿ."

ಡಾಕ್ಟರ್ ಇನಾಮದಾರರಿಗೆ ನಿಜವಾಗಿಯೂ ನೋವಾಯಿತು, ನಾನು ನೋಡಿದೆ. "ಸಾತವ್ವನವರೇ, ನಿಮಗೊಬ್ಬರಿಗೆ ಪ್ರತ್ಯೇಕ ಕನ್ನಡಕ ಕೊಟ್ಟರೆ ಇಡೀ ತೀರ್ಮಾನವೇ ಬಿದ್ದುಹೋಗುತ್ತದೆ. ಎಷ್ಟು ಜನರ ಶ್ರಮವಿದೆ ಇದರಲ್ಲಿ. ನಿಮ್ಮ ಶ್ರಮವೂ ಇದೆ."

"ಬೀಳೂ ಅಂಥಾದ್ದು ಬೀಳಲಿ ಬಿಡ್ರಿ," ಎಂದು ಸಾತವ್ವ ಕೆಂಪು ಪೆನ್ಸಿಲ್ಲನ್ನು ತುರುಬಿಗೆ ಸಿಕ್ಕಿಸಿಕೊಂಡು ಎದ್ದಳು. "ಹದಿನಾರು ವರ್ಷ ಆತು ಈ ಕುರ್ಚಿಗೆ. ಓದದ ಹಾಳಿಗೆ ಒಂದ ಸಲಾನೂ ಹೆಸರು ಹಾಕಿಲ್ಲ. ಇವತ್ತ ಹಾಕೂದಿಲ್ಲ."

ಯಜಮಾನರು ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು. ನಿನಗೆ ಓದಲು ಬರುತ್ತದಲ್ಲ, ಕಣ್ಣೂ ಚೆನ್ನಾಗಿವೆ ಎಂದರು. ರಟ್ಟು ಕಟ್ಟುವ ಮೂಲೆಯಲ್ಲಿ ಸರೇಸು ಅಂಟಿನ ವಾಸನೆ, ಗಾಳಿ ಬೆಳಕಿಲ್ಲ. ಸಾತವ್ವನ ಕುರ್ಚಿ ಕಿಟಕಿಯ ಪಕ್ಕ. ಇಪ್ಪತ್ತೆರಡು ವರ್ಷ ನಾನು ಆ ಕಿಟಕಿಯನ್ನು ನೋಡಿದ್ದೇನೆ. ನಾನು ಏನು ಮಾಡುತ್ತೇನೆಂದು ನೋಡಲು ಕೂಡ ನಿಲ್ಲದೆ ಸಾತವ್ವ ಬಾಗಿಲ ಕಡೆ ನಡೆದಳು. ನಾಲ್ಕುನೂರ ಹನ್ನೆರಡು ಪುಟದಲ್ಲಿ ನಾನು ಓದಿದ್ದು ಎರಡು. ಪೂರ್ತಿ ಓದಿದ್ದೇನೆ ಎಂದು ಬರೆದು ಸಹಿ ಹಾಕಿದೆ.

ಇಷ್ಟು ಹೊತ್ತು ಗುಡ್ಡದವರನ್ನೂ ಕೇರಿಯವರನ್ನೂ ಆಡಿಕೊಂಡ ಬಾಯಿ ಇದು. ನನಗೆ ನಾಚಿಕೆಯಾಗುತ್ತದೆ, ಹೇಳಿಬಿಡುತ್ತೇನೆ. ಆದರೂ ದಿನಾ ಬೆಳಗ್ಗೆ ಬಂದು ಆ ಕುರ್ಚಿಯಲ್ಲೇ ಕೂರುತ್ತೇನೆ. ಗಾಳಿ ಚೆನ್ನಾಗಿ ಬರುತ್ತದೆ.

ವರದಿ ಅಚ್ಚಾಯಿತು. ಈಗ ಊರಿನಲ್ಲೆಲ್ಲ ಹತ್ತು ಮನೆಗೊಂದು ಪೆಟ್ಟಿಗೆ ತಿರುಗುತ್ತದೆ. ಕೇರಿಯ ಪ್ರತಿ ಮನೆಗೂ ವರದಿಯ ಒಂದೊಂದು ಪ್ರತಿ ಪುಕ್ಕಟೆ ಕೊಟ್ಟರು. ಗುರುಪಾದಪ್ಪ ಅದನ್ನು ಕೊಟ್ಟಿಗೆಯ ಬಾಗಿಲು ಬಡಿದುಕೊಳ್ಳದಂತೆ ಅಡ್ಡ ಇಟ್ಟಿದ್ದಾನೆ. ಸಾತವ್ವ ಕೆಲಸಕ್ಕೆ ಬರುವುದಿಲ್ಲ. ಅವರಿವರ ಮನೆಯ ಅಕ್ಕಿ ಬೀಸಿ ಕೊಡುತ್ತಾಳೆ, ಆರಿಸಿ ಕೊಡಲು ಅವಳಿಗೆ ಹಳ್ಳು ಕಾಣುವುದಿಲ್ಲ. ಹನ್ನೊಂದಕ್ಕೆ ಪೆಟ್ಟಿಗೆ ಬರುತ್ತದೆ. ಅವಳು ಕೈ ತೊಳೆದು, ಜಗಲಿಯ ಮೇಲೆ ಕೂತು, ಒಂದು ಕೈಯಲ್ಲಿ ಆ ಕನ್ನಡಕವನ್ನು ಮೂಗಿಗೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಪೆನ್ಸಿಲ್ಲು ಹಿಡಿದು ವರದಿ ಓದುತ್ತಾಳೆ. ಹನ್ನೊಂದೂ ನಲವತ್ತಕ್ಕೆ ಒರೆಸಿ ಮುಂದಿನ ಮನೆಗೆ ಕೊಡುತ್ತಾಳೆ.

ಶನಿವಾರ ಶನಿವಾರ ನಿಂಗವ್ವ ಹಾಲು ಹಾಕಲು ಅಚ್ಚುಕೂಟದ ಕಡೆ ಬಂದಾಗ ನನ್ನ ಮೇಜಿನ ಮೇಲೆ ಒಂದಷ್ಟು ಹಾಳೆ ಇಟ್ಟು ಹೋಗುತ್ತಾಳೆ. ಆ ವಾರ ಸಾತವ್ವ ಓದಿ ಮುಗಿಸಿದ ಹಾಳೆಗಳು, ಪುಸ್ತಕದಿಂದ ಬಿಡಿಸಿದ್ದು. ಜೊತೆಗೆ ಚೀಟಿಯಿಲ್ಲ, ಮಾತಿಲ್ಲ. ಕಳೆದ ವಾರ ಒಂಬತ್ತು ಹಾಳೆ ಬಂದವು. ಒಂದೊಂದರಲ್ಲೂ ನಾನು ದಾಟಿಸಿದ ತಪ್ಪುಗಳಿಗೆ ಕೆಂಪು ಸುತ್ತು. ಏಳು ಎಂದಿದ್ದಲ್ಲಿ ಹೊಡೆದು ಎರಡು ಎಂದು ಬರೆದಿದ್ದಳು, ಕ್ಷೌರದಂಗಡಿಗೆ ಅಡ್ಡ ಗೆರೆ ಎಳೆದಿದ್ದಳು. ಕಡೆಯ ಹಾಳೆಯನ್ನು ಅವಳು ಸರದಿ ಬಿಟ್ಟು ಮೊದಲೇ ಬಿಡಿಸಿ ಕಳಿಸಿದ್ದಳು. ಅದರ ಬುಡದಲ್ಲಿ ಸಣ್ಣ ಅಕ್ಷರದಲ್ಲಿ, ಕರಡು ಓದಿದವರು ತೋಟಪ್ಪ ಎಂದು ಅಚ್ಚಾಗಿದೆ. ಅದಕ್ಕೂ ಸುತ್ತು ಹಾಕಿ, ಪಕ್ಕದಲ್ಲಿ ತಪ್ಪು, ತೆಗೆಯಿರಿ ಎಂದು ಬರೆದಿದ್ದಳು. ನಾನು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮೇಲಿಂದ ಕೆಳಗಿನವರೆಗೆ ಓದಿದೆ. ಅವಳು ತಿದ್ದಿದ್ದೆಲ್ಲ ಸರಿಯಾಗಿತ್ತು.